ಸ್ಪ್ರೇ ಡಬ್ಬಿಯ ಸದ್ಗತಿ

ನಮ್ಮ ಮನೆಯಲ್ಲಿ ಮನುಷ್ಯರು ಮೂವರು, ಸ್ಪ್ರೇ ಡಬ್ಬಿಗಳು ಹನ್ನೊಂದು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ರಿಟೈರ್ ಆದವನಿಗೆ ಭಾನುವಾರ ಯಾವುದು, ಬುಧವಾರ ಯಾವುದು ಎಂದು ತಿಳಿಯುವುದಿಲ್ಲ ನೋಡಿ; ಅಂಥದ್ದೊಂದು ದಿನ ಬೇರೆ ಕೆಲಸವಿಲ್ಲದೆ ಬಾತ್‌ರೂಮಿನಿಂದ ಶುರು ಮಾಡಿ ದೇವರ ಗೂಡಿನ ತನಕ ಎಣಿಸಿದೆ. ಜಿರಳೆಗೆ ಒಂದು, ಸೊಳ್ಳೆಗೆ ಒಂದು, ನನ್ನ ಮೊಣಕಾಲಿಗೆ ಒಂದು, ನಮ್ಮಾಕಿಯ ಸೊಂಟಕ್ಕೆ ಇನ್ನೊಂದು. ಎರಡರಲ್ಲಿರುವುದೂ ಅದೇ ಔಷಧ, ಆದರೆ ನನ್ನ ಡಬ್ಬಿಯ ಮೇಲೆ ಆಕೆಗೆ ನಂಬಿಕೆಯಿಲ್ಲ. ಗಡ್ಡದ ನೊರೆಗೆ ಒಂದು. ಕಕ್ಕಸಿಗೆ ಮಲ್ಲಿಗೆಯ ಪರಿಮಳದ್ದು, ಹಾಲ್‌ಗೆ ಲಿಂಬೆಯದ್ದು. ಉಳಿದ ನಾಲ್ಕು ಮಗಳವು. ಅದರಲ್ಲೊಂದು ಕೂದಲನ್ನು ನೀರಿಲ್ಲದೆ ತೊಳೆಯುತ್ತದಂತೆ. ನನ್ನ ತಲೆಯಲ್ಲಿ ಆ ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಉಳಿದಿಲ್ಲವಾದ್ದರಿಂದ ನಂಬಿ ಸುಮ್ಮನಾದೆ.

ನಮ್ಮಪ್ಪ ಧಾರವಾಡದಲ್ಲಿ ಪಟಿಕದ ಹರಳೊಂದನ್ನು ನಂಬಿ ಸಂಸಾರ ಮಾಡಿದವರು. ಗಡ್ಡ ಕೆರೆದುಕೊಂಡ ಮೇಲೆ ಕೆನ್ನೆಗೆ ಅದೇ, ಕಂಕುಳಿಗೆ ಅದೇ, ಮಳೆಗಾಲದ ರಾಡಿ ನೀರು ತಿಳಿಯಾಗಲೂ ಅದೇ. ಜಿರಳೆಗೆ ಚಪ್ಪಲಿ ಇತ್ತು. ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ. ಸೊಳ್ಳೆ ಹೋಗುತ್ತಿತ್ತೋ ಬಿಡುತ್ತಿತ್ತೋ, ನಾವಂತೂ ಕೆಮ್ಮುತ್ತ ಅಂಗಳಕ್ಕೆ ಹೋಗುತ್ತಿದ್ದೆವು. ಅವರು ಜೀವಮಾನದಲ್ಲಿ ಮಾಡಿದ ಕಸ ಒಂದು ಗೋಣಿಚೀಲದಲ್ಲಿ ಹಿಡಿಯುತ್ತಿತ್ತು. ನಾನು ಅಷ್ಟನ್ನು ತಿಂಗಳೊಪ್ಪತ್ತಿನಲ್ಲಿ ಮಾಡುತ್ತೇನೆ.

ಆದರೆ ನಮ್ಮಪ್ಪ ಬೊರಿವಲಿಯಿಂದ ಚರ್ಚ್‌ಗೇಟಿಗೆ ಲೋಕಲ್ ರೈಲಿನಲ್ಲಿ ಹೋದವರಲ್ಲ. ನಾನು ಮೂವತ್ತೊಂದು ವರ್ಷ ಹೋದೆ. ಮೇಲಿನ ಹಿಡಿಕೆ ಹಿಡಿದ ಪ್ರತಿಯೊಬ್ಬನ ಕಂಕುಳು ಇನ್ನೊಬ್ಬನ ಮೂಗಿಗೆ ಸರಿಯಾಗಿ ಬರುವಂತೆ ಯಾರೋ ಅಳತೆ ಮಾಡಿಯೇ ಆ ಡಬ್ಬಿಗಳನ್ನು ಕಟ್ಟಿದ್ದಾರೆ. ಅಲ್ಲಿ ಮೈಗೆ ಅತ್ತರು ಹೊಡೆದುಕೊಳ್ಳುವುದು ಶೋಕಿಯಲ್ಲ, ನೆರೆಹೊರೆಯ ಧರ್ಮ. ಚರ್ಚ್‌ಗೇಟಿನಲ್ಲಿ ಇಳಿದು ಫೋರ್ಟಿಗೆ ನಡೆದರೆ ನನ್ನ ಆಫೀಸು, ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗ. ಪಾಲಿಸಿಯ ಬೆನ್ನ ಮೇಲಿನ ಸಣ್ಣಕ್ಷರಗಳನ್ನು ಓದುವುದು, ಜನ ಓದಿರದ ಆ ಒಂದು ಸಾಲನ್ನು ಹುಡುಕಿ ತೆಗೆಯುವುದು, ಆಮೇಲೆ ಬಹಳ ಮರ್ಯಾದೆಯ ಭಾಷೆಯಲ್ಲಿ ‘ಇಲ್ಲ’ ಎಂದು ಬರೆಯುವುದು ನನ್ನ ಕೆಲಸ. ಅದರಲ್ಲಿ ನಾನು ಗಟ್ಟಿಗ ಎಂದು ಹೆಸರಿತ್ತು. ಇದನ್ನು ಈಗಲೇ ಹೇಳಿಡುತ್ತೇನೆ. ಮುಂದೆ ನಿಮಗೆ ನನ್ನ ಮೇಲೆ ಸಿಟ್ಟು ಬಂದಾಗ ಉಪಯೋಗಕ್ಕೆ ಬರುತ್ತದೆ.

ಈ ಡಬ್ಬಿಯ ವಿಚಾರ ಈಗ ನಾನು ಬೇಕಾದಷ್ಟು ಓದಿಕೊಂಡಿದ್ದೇನೆ. ಓದಬೇಕಾದಾಗ ಓದಲಿಲ್ಲ, ಅದು ಬೇರೆ ಮಾತು. ಒಳಗೆ ಇರುವುದು ಎರಡು: ನಾವು ಕೊಂಡ ಔಷಧವೋ ಅತ್ತರೋ, ಮತ್ತೆ ಅದನ್ನು ಹೊರಗೆ ದಬ್ಬುವ ಗ್ಯಾಸು. ಆ ಗ್ಯಾಸು ಬಹುಮಟ್ಟಿಗೆ ನಮ್ಮ ಅಡುಗೆಮನೆಯ ಸಿಲಿಂಡರಿನ ಅಣ್ಣತಮ್ಮನೇ. ಒತ್ತಿ ತುಂಬಿದ್ದರಿಂದ ನೀರಾಗಿ ಕೂತಿರುತ್ತದೆ, ಗುಂಡಿ ಅದುಮಿದರೆ ದಾರಿ ಸಿಕ್ಕಿತೆಂದು ಓಡುತ್ತದೆ. ಔಷಧ ಮುಗಿದ ಮೇಲೂ ಗ್ಯಾಸು ಒಂದಿಷ್ಟು ಉಳಿದಿರುತ್ತದೆ. ಮೂತಿ ಕಟ್ಟಿಕೊಂಡು ಏನೂ ಬರದಿದ್ದರೆ ನಾವು ಮುಗಿಯಿತು ಎಂದು ಎಸೆಯುತ್ತೇವೆ; ಒಳಗೆ ಎರಡೂ ಹಾಗೇ ಇರುತ್ತವೆ. ಅದಕ್ಕೇ ಪ್ರತಿಯೊಂದು ಡಬ್ಬಿಯ ಬೆನ್ನಿಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಬಳಸಿದ ಮೇಲೂ ಇದನ್ನು ಚುಚ್ಚಬೇಡಿ, ಸುಡಬೇಡಿ ಎಂದು ಅಚ್ಚು ಹಾಕಿರುತ್ತಾರೆ. ಮೂವತ್ತೊಂದು ವರ್ಷ ಸಣ್ಣಕ್ಷರ ಓದಿ ಅನ್ನ ತಿಂದವನು ಮನೆಯ ಹನ್ನೊಂದು ಡಬ್ಬಿಯಲ್ಲಿ ಒಂದನ್ನೂ ತಿರುಗಿಸಿ ನೋಡಿರಲಿಲ್ಲ.

ಆಗ ನಾನು ಓದಿಕೊಂಡದ್ದು ಬೇರೆ. ಎಲ್ಲೋ ಒಂದು ಲೇಖನದಲ್ಲಿ ಅಲ್ಯುಮಿನಿಯಮ್ಮಿನ ಮಹಿಮೆ ಬಂದಿತ್ತು. ಕರಗಿಸಿದರೆ ಮತ್ತೆ ಅಲ್ಯುಮಿನಿಯಮ್ಮೇ, ಎಷ್ಟು ಸಲ ಕರಗಿಸಿದರೂ ಅದಕ್ಕೆ ಬೇಸರವಿಲ್ಲ, ಗುಣ ಕೆಡುವುದಿಲ್ಲ. ಪುನರ್ಜನ್ಮದ ಇಷ್ಟು ಖಾತ್ರಿಯನ್ನು ಮನುಷ್ಯನಿಗೆ ಯಾವ ಶಾಸ್ತ್ರವೂ ಕೊಟ್ಟಿಲ್ಲ. ಇಂಥ ಪುಣ್ಯವಂತ ಲೋಹ ನಮ್ಮ ಕಂಕುಳಿಗೆ ಸೇವೆ ಸಲ್ಲಿಸಿ ಕಸದ ಗುಡ್ಡದಲ್ಲಿ ಹೂತುಹೋಗುವುದೇ ಎಂದು ನನಗೆ ಸಂಕಟವಾಯಿತು. ಡಬ್ಬಿಗಳಿಗೆ ಸದ್ಗತಿ ಕಾಣಿಸುವ ಹುಚ್ಚು ಹತ್ತಿದ್ದು ಹೀಗೆ. ರಿಟೈರ್ ಆದ ಗಂಡಸಿಗೆ ಏನಾದರೊಂದು ಹುಚ್ಚು ಬೇಕು. ಕೆಳಗಿನ ಮಹಡಿಯವರಿಗೆ ಪ್ರಾಣಾಯಾಮ ಹತ್ತಿದೆ, ಯಾರಿಗೂ ತೊಂದರೆಯಿಲ್ಲ.

ನಮ್ಮ ಸೊಸೈಟಿಯಲ್ಲಿ ಗೀಲಾ ಕಚರಾ, ಸೂಕಾ ಕಚರಾ ಎಂದು ಹಸಿ ಕಸ, ಒಣ ಕಸ ಬೇರೆ ಮಾಡುವ ನಿಯಮ ಬಂದಾಗ ಒಂದು ಕಚರಾ ಕಮಿಟಿಯೂ ಹುಟ್ಟಿತು. ಅದಕ್ಕೆ ಮುಖ್ಯಸ್ಥನಾಗಲು ಯಾರೂ ಮುಂದೆ ಬರಲಿಲ್ಲ. ಗುಜರಾತಿ ಮಾತಾಡುವ ನಮ್ಮ ಸೆಕ್ರೆಟರಿ ನನ್ನನ್ನೇ ಹಿಡಿದ. ಕಾರಣ ನನ್ನ ಯೋಗ್ಯತೆಯಲ್ಲ, ನೀಲವ್ವ. ಪಾರ್ಕಿಂಗಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಣ ಕಸ ಆರಿಸುವ ಕೆಲಸ ಅವಳದು. ವಿಜಯಪುರದ ಕಡೆಯವಳು, ಗಂಡ ಕಟ್ಟಡದ ಕೆಲಸದಲ್ಲಿ ಸೊಂಟ ಮುರಿದುಕೊಂಡು ಮನೆಯಲ್ಲಿದ್ದ. ಹಿಂದಿಯಲ್ಲಿ ಏನು ಹೇಳಿದರೂ ತಲೆಯಾಡಿಸುತ್ತಾಳೆ, ಒಂದಕ್ಕೂ ಉತ್ತರ ಕೊಡುವುದಿಲ್ಲ, ನೀವು ಅವಳ ಭಾಷೆಯವರು, ಸಂಭಾಳಿಸಿಕೊಳ್ಳಿ ಎಂದು ಸೆಕ್ರೆಟರಿ ಕೈಮುಗಿದ.

ಮೊದಲ ದಿನ ಶೆಡ್ಡಿಗೆ ಹೋಗಿ ಕನ್ನಡದಲ್ಲಿ ಊರು ಯಾವುದೆಂದು ಕೇಳಿದ್ದೇ ತಡ, ಆಕೆ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು. ಅವತ್ತಿನಿಂದ ನಾನು ಅಣ್ಣಾರು, ನಮ್ಮಾಕಿ ವೈನಿ, ಅಂದರೆ ಅತ್ತಿಗೆ. ಆಕೆಯ ಕೈಚಳಕ ನೋಡಬೇಕಿತ್ತು ನೀವು. ಡಬ್ಬಿಯನ್ನು ಕೈಗೆತ್ತಿಕೊಂಡ ತೂಕದಲ್ಲೇ ಇದು ತಗಡು, ಇದು ಅಲ್ಯುಮಿನಿಯಮ್ ಎಂದು ಬೇರೆ ಮಾಡುತ್ತಿದ್ದಳು. ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗಣಪತಿಯ ಮ್ಯಾಗ್ನೆಟ್ ಕಿತ್ತು ತಂದು, ಅದು ಅಂಟಿದರೆ ತಗಡು, ಅಂಟದಿದ್ದರೆ ಅಲ್ಯುಮಿನಿಯಮ್ ಎಂದು ಪಾಠ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ನಾನು ಹೋದ ಮೇಲೆ ಗಣಪತಿಯನ್ನು ಕಂಬಕ್ಕೆ ಅಂಟಿಸಿ ದಿನಾ ಕೈಮುಗಿದು ಕೆಲಸ ಶುರು ಮಾಡಿದಳು. ಆರಿಸಲು ಅವನ ನೆರವು ಒಂದು ದಿನವೂ ಬೇಕಾಗಲಿಲ್ಲ.

ತೊಂದರೆ ಬಂದದ್ದು ಭಂಗಾರವಾಲಾನಿಂದ. ಹಳೆ ಸಾಮಾನು ಒಯ್ಯುವ ಆ ಮನುಷ್ಯ ಪೇಪರು, ಬಾಟಲಿ, ಪ್ಲಾಸ್ಟಿಕ್ಕು ಎಲ್ಲ ಒಯ್ದು ಸ್ಪ್ರೇ ಡಬ್ಬಿ ಮಾತ್ರ ಬಿಟ್ಟುಹೋಗುತ್ತಿದ್ದ. ತೂತು ಮಾಡಿ ಕೊಟ್ಟರೆ ಒಯ್ಯುತ್ತೇನೆ, ಇಲ್ಲದಿದ್ದರೆ ಗೋಡೌನಿನವರು ಇಳಿಸಿಕೊಳ್ಳುವುದಿಲ್ಲ ಎಂದ. ಗೋಡೌನಿನವರು ಯಾಕೆ ಹೆದರುತ್ತಾರೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೂರು ತಿಂಗಳಲ್ಲಿ ಶೆಡ್ಡಿನ ಮೂಲೆ ತುಂಬಿ, ಬಣ್ಣಬಣ್ಣದ ಡಬ್ಬಿಗಳು ಪಾರ್ಕಿಂಗಿನ ತನಕ ಉರುಳಿ ಬರತೊಡಗಿದವು. ಸೆಕ್ರೆಟರಿಯ ಕಾರಿನ ಗಾಲಿಗೆ ಒಂದು ಸಿಕ್ಕಿತು. ಅವತ್ತು ಸಂಜೆ ನಾನು ಮನೆಯ ಸುತ್ತಿಗೆ ಮತ್ತು ನಾಲ್ಕಿಂಚಿನ ಒಂದು ಮೊಳೆ ತೆಗೆದುಕೊಂಡು ಶೆಡ್ಡಿಗೆ ಇಳಿದೆ.

ಡಬ್ಬಿಯನ್ನು ಎರಡು ಇಟ್ಟಿಗೆಯ ನಡುವೆ ಮಲಗಿಸಿ, ಮೊಳೆಯಿಟ್ಟು ಒಂದೇ ಏಟು ಹೊಡೆದೆ. ಫುಸ್ ಎಂದು ಸುಮ್ಮನಾಯಿತು. ಇಷ್ಟೇ ಎಂದು ಸುತ್ತಿಗೆ ಆಕೆಯ ಕೈಗೆ ಕೊಟ್ಟೆ. ನೀಲವ್ವ ರಾಶಿಯಿಂದ ಒಂದು ಡಬ್ಬಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು.

“ಅಣ್ಣಾರ, ಒಳಗ ಏನೋ ಐತ್ರಿ ಇದರಾಗ.”

ನಾನು ನಕ್ಕು, ಅದು ಬರೇ ಗಾಳಿ, ಖಾಲಿ ಡಬ್ಬಿಗೆ ಯಾಕೆ ಹೆದರುತ್ತೀ ಎಂದೆ. ಕೈಯಲ್ಲಿ ಹಿಡಿದೇ ತೂಕ ಹೇಳುವ ಹೆಂಗಸಿಗೆ, ಫ್ರಿಜ್ಜಿನ ಗಣಪತಿಯಿಲ್ಲದೆ ತಗಡು ಗುರುತಿಸಲಾರದ ನಾನು ಹೇಳಿದ ಮಾತಿದು. ಹಿಂದಿಯಲ್ಲಿ ಯಾರಾದರೂ ಹೇಳಿದ್ದರೆ ಆಕೆ ತಲೆಯಾಡಿಸಿ ಡಬ್ಬಿಯನ್ನು ಮೂಲೆಗೆ ಸರಿಸುತ್ತಿದ್ದಳು. ನಾನು ಕನ್ನಡದಲ್ಲಿ ಹೇಳಿದೆ, ಆಕೆ ನಂಬಿದಳು. ಆ ಸಂಜೆ ಮನೆಗೆ ಬಂದು ಎರಡು ಚಪಾತಿ ಹೆಚ್ಚಿಗೆ ತಿಂದೆ. ಈ ಉಪಾಯವನ್ನು ಕಮಿಟಿಯ ಉಳಿದವರಿಗೆ ಹೇಳಲಿಲ್ಲ. ವಾರ್ಷಿಕ ಸಭೆಯಲ್ಲಿ ಎಲ್ಲರೆದುರು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳೋಣ ಎಂದು ಬಚ್ಚಿಟ್ಟುಕೊಂಡೆ.

ಎರಡು ತಿಂಗಳು ಎಲ್ಲ ಸುರಳೀತ ನಡೆಯಿತು. ಭಂಗಾರವಾಲಾ ಮೂಟೆ ಕಟ್ಟಿ ಒಯ್ದ, ನಾನು ಬಾಲ್ಕನಿಯಲ್ಲಿ ನಿಂತು ಅವನ ಕೈಗಾಡಿಯನ್ನು ಕಣ್ಣಲ್ಲೇ ಬೀಳ್ಕೊಟ್ಟೆ. ಆಮೇಲೆ ಏಪ್ರಿಲ್ ಬಂತು. ತಗಡಿನ ಶೆಡ್ಡಿನೊಳಗೆ ಹತ್ತು ಗಂಟೆಗೇ ನಿಲ್ಲಲಾಗದ ಸೆಕೆ. ಒಂದು ಬೆಳಿಗ್ಗೆ ನಾನು ಉಪ್ಪಿಟ್ಟು ತಿನ್ನುತ್ತ ಕೂತಿದ್ದಾಗ ವಾಚ್‌ಮನ್ ಇಂಟರ್‌ಕಾಮಿನಲ್ಲಿ, ಸಾಬ್, ನೀಚೇ ಆಓ, ಆಪ್‌ಕೀ ಬಾಯಿ, ಎಂದ; ಕೆಳಗೆ ಬನ್ನಿ, ನಿಮ್ಮ ಕೆಲಸದಾಕೆ, ಎಂದು. ಕೆಳಗೆ ಹೋದರೆ ನೀಲವ್ವ ನಲ್ಲಿಯ ಕೆಳಗೆ ಮುಖವಿಟ್ಟು ಕೂತಿದ್ದಳು. ಶೆಡ್ಡಿನ ತುಂಬ ಜಿರಳೆ ಔಷಧದ ವಾಸನೆ. ಮೂತಿ ಕಟ್ಟಿಕೊಂಡಿತೆಂದು ಯಾರೋ ತುಂಬಿದ ಡಬ್ಬಿಯನ್ನೇ ಎಸೆದಿದ್ದರು. ಮೊಳೆ ತಾಗಿದ್ದೇ ಅದು ಇಟ್ಟಿಗೆಯಿಂದ ಜಿಗಿದು ಆಕೆಯ ಹುಬ್ಬಿಗೆ ಬಡಿದು, ಒಳಗಿದ್ದದ್ದನ್ನೆಲ್ಲ ಬಲಗಣ್ಣಿಗೆ ಕಾರಿತ್ತು. ಆ ಡಬ್ಬಿ ಯಾರ ಮನೆಯದೆಂದು ತಿಳಿಯಲಿಲ್ಲ. ನಮ್ಮದಿರಲಿಕ್ಕಿಲ್ಲ ಎಂದು ನಾನು ಎರಡೆರಡು ಸಲ ಹೇಳಿದೆ. ಯಾರೂ ಕೇಳಿರಲಿಲ್ಲ.

ನಮ್ಮಾಕಿ ಆಕೆಯನ್ನು ರಿಕ್ಷಾದಲ್ಲಿ ದವಾಖಾನೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಡಾಕ್ಟರು ತೊಳೆದರು, ಹೊಲಿದರು, ಪಟ್ಟಿ ಕಟ್ಟಿದರು. ಬೆಳಕು ಕಾಣಬಹುದು, ಮನುಷ್ಯರ ಮುಖ ಕಾಣುವುದು ಕಷ್ಟ ಎಂದರು. ಸಂಜೆ ಮಗಳು ಆಫೀಸಿನಿಂದ ಬಂದು, ಬಾತ್‌ರೂಮಿನ ಶೆಲ್ಫಿನಿಂದ ಒಂದು ಡಬ್ಬಿ ತಂದು, ಬೆನ್ನು ತಿರುಗಿಸಿ ನನ್ನ ಕನ್ನಡಕದ ಎದುರು ಹಿಡಿದಳು. “ಪಪ್ಪಾ, ಇಲ್ಲಿ ಲಿಖಾ ಅದ ಅಲ್ಲ,” ಎಂದಳು, ತನಗೆ ಬರುವ ಕನ್ನಡದಲ್ಲಿ. ನಮ್ಮಾಕಿ ಮೂರು ದಿನ ಉಪ್ಪು ಬೇಕೇ ಎಂದು ಸಹ ಕೇಳಲಿಲ್ಲ.

ನಾಲ್ಕನೇ ದಿನ ಸೊಸೈಟಿ ಆಫೀಸಿನಲ್ಲಿ ಮೀಟಿಂಗು. ಸೆಕ್ರೆಟರಿ, ಕಮಿಟಿಯ ನಾಲ್ವರು, ನೀಲವ್ವನನ್ನು ಕೆಲಸಕ್ಕೆ ಹಚ್ಚಿದ ಕಾಂಟ್ರಾಕ್ಟರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಿಗೊರಗಿ ನಿಂತ ನೀಲವ್ವ, ನಾನು. ತೀರ್ಮಾನವಾಗಬೇಕಾದದ್ದು ಒಂದೇ. ಸೊಸೈಟಿಯವರು ಹೇಳಿ ಮಾಡಿಸಿದ ಕೆಲಸವಾದರೆ ಆಕೆಯ ಕಣ್ಣಿನ ಉಪಚಾರ ಸೊಸೈಟಿಯ ಹೊಣೆ, ಆಕೆಯ ಜಾಗವೂ ಉಳಿಯುತ್ತದೆ. ಆಕೆ ತಾನಾಗಿ ಮಾಡಿಕೊಂಡದ್ದಾದರೆ ಕಾಂಟ್ರಾಕ್ಟರು ಆಕೆಯನ್ನು ಇಲ್ಲಿಂದ ತೆಗೆಯುತ್ತಾನೆ. ಕಣ್ಣೂ ಆಕೆಯದೇ, ಕಷ್ಟವೂ ಆಕೆಯದೇ. ಸೆಕ್ರೆಟರಿ ಒಳ್ಳೆಯ ಮನುಷ್ಯ. ಮೆತ್ತಗೆ ಹಿಂದಿಯಲ್ಲಿ, ಡಬ್ಬಿಗೆ ತೂತು ಮಾಡು ಎಂದು ನಿನಗೆ ಹೇಳಿದವರು ಯಾರು ಎಂದು ಕೇಳಿದ. ಆಕೆ ಎಂದಿನಂತೆ ತಲೆ ತಗ್ಗಿಸಿದಳು. ಕನ್ನಡದಲ್ಲಿ ಕೇಳಿ ನಮಗೆ ಹೇಳಿ ಎಂದು ಅವನು ನನ್ನ ಕಡೆ ತಿರುಗಿದ.

ನಾನು ಕೇಳಿದೆ. ಬೇರೆ ದಾರಿಯಿರಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತ ಉತ್ತರ ಕೊಟ್ಟಳು.

“ನೀವ ಹೇಳಿದ್ರಲ್ರಿ, ಅಣ್ಣಾರ. ಸುತಗಿ, ಮೊಳಿ ನೀವ ತಂದ್ ಕೊಟ್ರಿ.”

ಅದರಲ್ಲಿ ದೂರು ಇರಲಿಲ್ಲ. ಮರೆತೀರೇನೋ ಎಂದು ನೆನಪಿಸುವ ದನಿ ಅದು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮೂವತ್ತೊಂದು ವರ್ಷ ಫೋರ್ಟಿನಲ್ಲಿ ಕಲಿತದ್ದು ಆ ಗಳಿಗೆಯಲ್ಲಿ ತಾನಾಗಿ ಬಂದು ನಾಲಿಗೆಯ ಮೇಲೆ ಕೂತಿತು. ಭಂಗಾರವಾಲಾ ತೂತು ಮಾಡಿ ಕೊಡಿ ಎಂದಿದ್ದನಂತೆ, ಎಂದು ಹಿಂದಿಯಲ್ಲಿ ಹೇಳಿದೆ. ನೋಡಿ, ಅದು ಸುಳ್ಳಲ್ಲ. ಅವನು ಹಾಗೆ ಅಂದದ್ದು ನಿಜ. ಒಳ್ಳೆಯ ಕ್ಲೇಮ್ ಆಫೀಸರು ಸುಳ್ಳು ಬರೆಯುವುದಿಲ್ಲ, ಯಾವ ನಿಜ ಬರೆಯಬೇಕು ಎಂದು ಆರಿಸುತ್ತಾನೆ, ಅಷ್ಟೇ.

ಕಾಂಟ್ರಾಕ್ಟರು ಉಸಿರು ಬಿಟ್ಟ. ಆಕೆಗೂ ಭಂಗಾರವಾಲಾನಿಗೂ ನಡುವಿನ ವ್ಯವಹಾರ, ಸೊಸೈಟಿಗೆ ಸಂಬಂಧವಿಲ್ಲ ಎಂದು ಮಿನಿಟ್ಸ್ ಪುಸ್ತಕದಲ್ಲಿ ಬರೆದರು. ಇಂಗ್ಲಿಷ್ ತಿದ್ದಿಕೊಟ್ಟವನೂ ನಾನೇ. ಎಲ್ಲರೂ ಅಯ್ಯೋ ಪಾಪ ಎಂದು ಎದ್ದರು. ನೀಲವ್ವ ಹೋಗುವಾಗ ನನಗೆ, ವೈನಿಗೆ ಹೇಳ್ರಿ, ಬರ್ತೀನಿ, ಎಂದಳು. ಮೇಲೆ ಹೋದ ಮೇಲೆ ನಮ್ಮಾಕಿ ಏನಾಯಿತೆಂದು ಕೇಳಿದಳು. ಮುಗಿಯಿತು ಎಂದೆ. ಹೇಗೆ ಮುಗಿಯಿತು ಎಂದು ಆಕೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಮೇಲೆ ನಾನು ಡಬ್ಬಿಗಳ ಬಗ್ಗೆ ಓದಲು ಕೂತೆ. ಈ ಮೇಲೆ ಬರೆದ ಪಾಂಡಿತ್ಯವೆಲ್ಲ ಆ ವಾರದ ಗಳಿಕೆ. ಮೂತಿಯಿಂದ ಏನೂ ಬರದಂತಾಗುವ ತನಕ ಬಯಲಿನಲ್ಲಿ ಒತ್ತಿ ಖಾಲಿ ಮಾಡಬೇಕು, ಬಿಸಿಲಿಗೆ ಇಡಬಾರದು, ಮೂತಿ ಕಟ್ಟಿದ್ದನ್ನು ಗುರುತು ಹಾಕಿ ಬೇರೆ ಕೊಡಬೇಕು, ತೂತು ಮಾಡುವುದೇನಿದ್ದರೂ ಗ್ಯಾಸು ಹಿಡಿದಿಡುವ ಮುಚ್ಚಿದ ಯಂತ್ರದವರ ಕೆಲಸ. ಇದನ್ನೆಲ್ಲ ಮೂರು ಭಾಷೆಯಲ್ಲಿ ನೋಟೀಸು ಮಾಡಿ ಲಿಫ್ಟಿನ ಪಕ್ಕ ಅಂಟಿಸಿದೆ. ಎಲ್ಲರೂ ಮೆಚ್ಚಿದರು. ಸೆಕ್ರೆಟರಿ ನನ್ನ ಬೆನ್ನು ತಟ್ಟಿದ. ಆ ಪೆಟ್ಟು ಇನ್ನೂ ನೋಯುತ್ತದೆ.

ಮಳೆಗಾಲ ಹಿಡಿಯುವ ಮೊದಲು ಒಂದು ದಿನ ವಾಚ್‌ಮನ್ ಹತ್ತಿರ ವಿಳಾಸ ಕೇಳಿಕೊಂಡು ಜೋಗೇಶ್ವರಿಗೆ ಹೋದೆ. ಸಣ್ಣ ಸಣ್ಣ ಕಾರ್ಖಾನೆಗಳ ಒಂದು ಹಳೆಯ ಕಟ್ಟಡ. ನೀಲವ್ವ ಮೆಟ್ಟಿಲು ಗುಡಿಸುತ್ತಿದ್ದಳು. ಬಲಗಡೆಯಿಂದ ಹೋದ ನನ್ನನ್ನು ಆಕೆ ನೋಡಲಿಲ್ಲ. ಎಡಕ್ಕೆ ಬಂದು ನಿಂತ ಮೇಲೆ ಮುಖವರಳಿಸಿ, ಕೈಯಿಂದಲೇ ಮೆಟ್ಟಿಲು ಒರೆಸಿ ಕೂರಿಸಿದಳು. ಚಹಾ ತರಿಸಿದಳು. ನಮ್ಮಾಕಿ ಕಳಿಸಿದ್ದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಮೂಸಿ ನೋಡಿ ಖುಷಿಪಟ್ಟಳು. ಗಂಡನ ಸೊಂಟ, ಊರಿನ ಸುದ್ದಿ, ಇಲ್ಲಿಯ ಮೆಟ್ಟಿಲುಗಳ ಸಂಖ್ಯೆ, ಇಳಿಯುವಾಗ ಕೊನೆಯ ಮೆಟ್ಟಿಲು ಸರಿಯಾಗಿ ಕಾಣದಿರುವುದು, ಎಲ್ಲ ಹೇಳಿದಳು. ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಒಂದಿತ್ತು. ಅವತ್ತು ಮೀಟಿಂಗಿನಲ್ಲಿ ಹಿಂದಿಯಲ್ಲಿ ಸರಿಯಾಗಿ ತಿಳಿಸಿ ಹೇಳಲಾಗಲಿಲ್ಲ, ನಿನಗೆ ಗೊತ್ತಾಗಿರಲಿಕ್ಕಿಲ್ಲ, ಎಂದು ಶುರು ಮಾಡಿದೆ. ಆಕೆ ಚಹಾದ ಲೋಟ ಕೆಳಗಿಟ್ಟಳು.

“ಹಿಂದಿ ನನಗ ತಿಳೀತೈತ್ರಿ, ಅಣ್ಣಾರ. ಹನ್ನೆರಡು ವರ್ಷಾತು ಬಂದು. ಮಾತಾಡಾಕ ನಾಲಿಗಿ ಹೊಳ್ಳಂಗಿಲ್ಲ, ಅಷ್ಟ.”

ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ಮೇಲೆ, ಇಂಥ ಪ್ರಶ್ನೆಯನ್ನು ಆಕೆಗೇ ಹಾಕುವ ನನ್ನ ನಾಚಿಕೆಗೇಡಿತನ ನನಗೇ ಕೇಳಿಸಿತು. ಆಕೆ ಸಿಟ್ಟಾಗಲಿಲ್ಲ. ಪೊರಕೆಯ ಕಡ್ಡಿಯನ್ನು ಸರಿಮಾಡುತ್ತ, ಅಲ್ಲಿ ನನ್ನ ಮಾತು ಬಲ್ಲವರು ನೀವೊಬ್ಬರೇ, ನೀವೇ ಹಾಗಂದ ಮೇಲೆ ನಾನು ಯಾರಿಗೆ ಹೇಳಬೇಕಿತ್ತು ಎಂದಳು. ಆಮೇಲೆ, ಚಹಾ ಆರುತ್ತದೆ, ಕುಡಿಯಿರಿ ಎಂದಳು. ಕುಡಿದೆ.

ವಾಪಸು ಬರುವಾಗ ಲೋಕಲ್‌ನಲ್ಲಿ ನಿರ್ಧಾರ ಮಾಡಿದೆ, ಸೆಕ್ರೆಟರಿಗೆ ಹೇಳಿಬಿಡುವುದೆಂದು. ಬೊರಿವಲಿಯಲ್ಲಿ ಇಳಿದು ಬಿಲ್ಡಿಂಗಿಗೆ ಬಂದರೆ ಲಿಫ್ಟಿನಲ್ಲಿ ಅವನೇ ಸಿಕ್ಕ. ಟೆರೇಸಿನ ಸೋರಿಕೆಯ ಬಗ್ಗೆ ಐದನೇ ಮಹಡಿಯ ತನಕ ಮಾತಾಡಿದೆವು. ಮರುದಿನವೂ ಸಿಕ್ಕ. ಅವತ್ತು ನೀರಿನ ಟ್ಯಾಂಕರಿನ ಮಾತು.

ಅದಕ್ಕೇ ಇದನ್ನು ಬರೆಯಲು ಕೂತೆ. ಬರೆಯುವುದು ಸುಲಭವಾಯಿತು, ಯಾಕೆಂದರೆ ನಮ್ಮ ಬಿಲ್ಡಿಂಗಿನಲ್ಲಿ ಇದನ್ನು ಓದಬಲ್ಲವರು ನಾನು ಮತ್ತು ನಮ್ಮಾಕಿ ಇಬ್ಬರೇ. ಮಗಳಿಗೆ ಕೇಳಿದರೆ ತಿಳಿಯುತ್ತದೆ, ಅಕ್ಷರ ಬಾರದು. ನೀಲವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಷ್ಟುದ್ದ ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳಲು ನನಗೆ ಎರಡು ಮುಂಜಾನೆ ಸಾಕಾದವು, ನಡುನಡುವೆ ನಿಮ್ಮನ್ನು ನಗಿಸಲೂ ನೋಡಿದೆ. ಸೆಕ್ರೆಟರಿಗೆ ಹೇಳಬೇಕಾದದ್ದು ಇಷ್ಟುದ್ದವೇನಿಲ್ಲ. ‘ಮೈನೇ ಬೋಲಾ ಥಾ’, ನಾನೇ ಹೇಳಿದ್ದು. ಮೂರೇ ಶಬ್ದ. ಅಷ್ಟು ಹಿಂದಿ ನನಗೂ ತಿಳಿಯುತ್ತದೆ. ಮಾತಾಡಲು ನಾಲಿಗೆ ಹೊರಳುವುದಿಲ್ಲ, ಅಷ್ಟೇ.